ಅರ್ಧ ಅಳತೆಯ ಬಾಂಬರುಗಳು

1944ರಲ್ಲಿ ಜರ್ಮನ್ನರು ಪ್ಯಾರಿಸ್‌ನಿಂದ ಕಾಲ್ತೆಗೆದಾಗ, ಪಕ್ಕದ ಸ್ಯುರೇನ್‌ನ ಫಾರ್ಮನ್ ಕಾರ್ಖಾನೆಯಲ್ಲಿ ಅವರಿಗಾಗಿ ಸಿದ್ಧವಾಗುತ್ತಿದ್ದ ಹೈಂಕೆಲ್ 274 ಬಾಂಬರ್ ಅಲ್ಲೇ ಉಳಿಯಿತು. ನಾಲ್ಕು ಎಂಜಿನ್, 44 ಮೀಟರ್ ಅಗಲದ ರೆಕ್ಕೆ. ಫ್ರೆಂಚರು ಅದನ್ನು ಪೂರ್ತಿಮಾಡಿ 1945ರ ಡಿಸೆಂಬರ್‌ನಲ್ಲಿ ಹಾರಿಸಿದರು. ಮುಂದೆ ಅದಕ್ಕೆ ಸಿಕ್ಕಿದ್ದು ವಿಚಿತ್ರ ಚಾಕರಿ: ಪುಟ್ಟ ವಿಮಾನವೊಂದನ್ನು ಬೆನ್ನ ಮೇಲೆ ಹೊತ್ತು ಮೇಲೇರಿ, ಆಕಾಶದಲ್ಲೇ ಬಿಟ್ಟು ಬರುವುದು.

ಆ ಪುಟ್ಟ ವಿಮಾನ ಎಸ್‌ಓ ಎಂ-1. ಸರ್ಕಾರಿ ಕಂಪನಿ ಎಸ್‌ಎನ್‌ಸಿಎಎಸ್‌ಓ ರೂಪಿಸುತ್ತಿದ್ದ ಎಸ್‌ಓ 4000 ಜೆಟ್ ಬಾಂಬರಿನ ಅರ್ಧ ಅಳತೆಯ ಮಾದರಿ. ಎಂಜಿನ್ ಇಲ್ಲ, ಪೈಲಟ್ ಮಾತ್ರ ಇದ್ದ.

ಇಷ್ಟೆಲ್ಲ ಯಾಕೆ? ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿದರೆ ವೇಗ ಹೆಚ್ಚುತ್ತದೆಂದು ಗೊತ್ತಿತ್ತು. ಆದರೆ ಇಳಿಯುವಾಗಿನ ನಿಧಾನಗತಿಯಲ್ಲಿ ಅಂಥ ರೆಕ್ಕೆ ಹೇಗೆ ವರ್ತಿಸೀತು ಎಂಬ ಅನುಭವ ಫ್ರೆಂಚರಿಗೆ ಇರಲಿಲ್ಲ. ಆಗಿನ ಗಾಳಿ ಸುರಂಗಗಳೋ, ಶಬ್ದದ ವೇಗ ಹತ್ತಿರವಾದಂತೆ ಮಾದರಿಯ ಸುತ್ತ ಗಾಳಿ ಕಟ್ಟಿಕೊಂಡು ತಪ್ಪು ಲೆಕ್ಕ ಕೊಡುತ್ತಿದ್ದವು. ಆಸ್ಟ್ರಿಯಾದಿಂದ ಬಿಚ್ಚಿ ತಂದ ದೈತ್ಯ ಸುರಂಗ ಮೊದಾನ್‌ನಲ್ಲಿ ಕೆಲಸ ಶುರುಮಾಡಿದ್ದು 1952ರಲ್ಲಿ. ಅಲ್ಲಿಯವರೆಗೆ ಆಕಾಶವೇ ಪ್ರಯೋಗಶಾಲೆ.

ತಮಾಷೆಯೆಂದರೆ, ಎಂಜಿನ್ ಇದ್ದ ತಮ್ಮನೇ ಅಣ್ಣನಿಗಿಂತ ಮೊದಲು ಹಾರಿದ. ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಹೊತ್ತ ಎಂ-2 ನೆಲ ಬಿಟ್ಟದ್ದು 1949ರ ಏಪ್ರಿಲ್ 13ರಂದು; ಎಂ-1 ಹೈಂಕೆಲ್‌ನ ಬೆನ್ನಿನಿಂದ ಬಿಡಿಸಿಕೊಂಡು ತೇಲಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಮೂಗು ಕೆಳಗೆ ಮಾಡಿ ಧುಮುಕಿದ ಎಂ-2, ಗಂಟೆಗೆ 1,000 ಕಿಲೋಮೀಟರ್ ದಾಟಿದ ಮೊದಲ ಫ್ರೆಂಚ್ ವಿಮಾನವೆನಿಸಿತು.

ದೊಡ್ಡಣ್ಣನ ಹಣೆಬರಹ ಬೇರೆಯಿತ್ತು. 1950ರ ಏಪ್ರಿಲ್‌ನಲ್ಲಿ, ನೆಲದ ಮೇಲಿನ ಓಡಾಟದಲ್ಲೇ ಎಸ್‌ಓ 4000ದ ಚಕ್ರದ ಕಾಲುಗಳು ಕುಸಿದವು. ರಿಪೇರಿಯಾಗಿ 1951ರ ಮಾರ್ಚ್ 15ರಂದು ಹಾರಿತು. ಇಳಿಯುವಾಗ ಮತ್ತೆ ಕಾಲು ಮುರಿಯಿತು. ಅದೇ ಮೊದಲ ಹಾರಾಟ, ಅದೇ ಕೊನೆಯದು. ಮೈಭಾರಕ್ಕೆ ತಕ್ಕ ಎಂಜಿನ್ ಬಲವೂ ಇರಲಿಲ್ಲ.

ಇದರಲ್ಲಿ ಮಾದರಿಗಳ ತಪ್ಪೇನೂ ಇರಲಿಲ್ಲವೆನ್ನಬೇಕು. ಉದ್ದಗಲ ಎತ್ತರಗಳನ್ನು ಅರ್ಧಕ್ಕಿಳಿಸಿದರೆ ರೆಕ್ಕೆಯ ವಿಸ್ತಾರ ಕಾಲು ಭಾಗವಾಗುತ್ತದೆ, ಗಾತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ಪುಟ್ಟ ವಿಮಾನ ತಿಳಿಸೀತು. ಇಪ್ಪತ್ತು ಟನ್ ಮೀರಿದ ಭಾರ ರನ್‌ವೇಗೆ ಬಡಿದಾಗ ಕಾಲುಗಳ ಗತಿಯೇನೆಂದು ಅದು ಹೇಗೆ ಹೇಳೀತು?

ಬ್ರಿಟಿಷರೂ ಆಗ ಇದೇ ದಾರಿ ಹಿಡಿದಿದ್ದರು. ವಲ್ಕನ್ ಬಾಂಬರಿಗಾಗಿ ಕಟ್ಟಿದ ಪುಟ್ಟ ಆವ್ರೊ 707, 1949ರ ಸೆಪ್ಟೆಂಬರ್‌ನಲ್ಲಿ ಹಾರಿ, ಅದೇ ತಿಂಗಳು ಬಿದ್ದು ಪೈಲಟ್‌ನನ್ನು ಬಲಿ ತೆಗೆದುಕೊಂಡಿತು. ಆದರೂ ವಲ್ಕನ್ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಎಸ್‌ಎನ್‌ಸಿಎಎಸ್‌ಓ ಕಂಪನಿ 1952ರ ಅಕ್ಟೋಬರ್ 16ರಂದು ವೋಟೂರ್ ಎಂಬ ಎರಡು ಎಂಜಿನ್ನಿನ ಜೆಟ್ ಹಾರಿಸಿತು. ಫ್ರೆಂಚ್ ವಾಯುಪಡೆಯ ಜೊತೆಗೆ ಇಸ್ರೇಲ್ ಕೂಡ ಅದನ್ನು ಕೊಂಡಿತು.