ಡಾಮಿನಾರ್‌ಗೆ ಇನ್ನೊಂದು ನಾಲ್ಕು ಹಾರ್ಸ್‌ಪವರ್ ಬೇಕಾ?

ಹಿಂಜೆವಾಡಿಯಲ್ಲಿ ಕೆಲಸ ಮಾಡೋ ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ನನ್ನ ಹತ್ರ ಡಾಮಿನಾರ್ 400 ಇದೆ ಸರ್. ಹುಬ್ಬಳ್ಳಿಗೆ ಅದರಲ್ಲೇ ಹೋಗಿ ಬರ್ತೀನಿ. ಸೈಲೆನ್ಸರ್, ಏರ್ ಫಿಲ್ಟರ್, ಟ್ಯೂನಿಂಗ್ ಬಾಕ್ಸ್ ಮೂರೂ ಸೇರಿ 55 ಸಾವಿರ ಅಂತಿದ್ದಾರೆ. ಹಾಕಿಸ್ಲಾ?" ವಿಡಿಯೋದಲ್ಲಿ ಹೇಳಿದ್ದನ್ನೇ ಲೆಕ್ಕದ ಸಮೇತ ಇಲ್ಲಿ ಬರೆದಿದ್ದೀನಿ.

ಮೊದಲು ಒಂದು ಸೂತ್ರ. ಟಾರ್ಕನ್ನ ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದ್ರೆ ಪವರ್ ಬರುತ್ತೆ, ಪಿಎಸ್ ಲೆಕ್ಕದಲ್ಲಿ. ಅಂದ್ರೆ ಪವರ್ ಹೆಚ್ಚಿಸೋಕೆ ಎರಡೇ ದಾರಿ: ಒಂದೊಂದು ಸ್ಫೋಟದಲ್ಲಿ ಜಾಸ್ತಿ ಬಲ ತೆಗೀಬೇಕು, ಇಲ್ಲಾ ನಿಮಿಷಕ್ಕೆ ಜಾಸ್ತಿ ಸ್ಫೋಟ ಮಾಡಿಸ್ಬೇಕು.

ಇದಕ್ಕೆ ಡಾಮಿನಾರ್‌ಗಿಂತ ಒಳ್ಳೆ ಉದಾಹರಣೆ ಬೇಡ. 2016ರ ಡಿಸೆಂಬರ್‌ನಲ್ಲಿ ಬಂದಾಗ ಇದರ 373 ಸಿಸಿ ಎಂಜಿನ್ ಕೊಡ್ತಿದ್ದದ್ದು 35 ಪಿಎಸ್, 8,000 ಆರ್‌ಪಿಎಂನಲ್ಲಿ. 2019ರಲ್ಲಿ ಅದೇ ಎಂಜಿನ್ 40 ಪಿಎಸ್‌ಗೆ ಬಂತು, 8,650ರಲ್ಲಿ. ತಮಾಷೆ ಅಂದ್ರೆ ಗರಿಷ್ಠ ಟಾರ್ಕ್ ಆಗಲೂ 35 ಎನ್‌ಎಂ, ಈಗಲೂ 35 ಎನ್‌ಎಂ! ಹಾಗಾದ್ರೆ ಆ 5 ಪಿಎಸ್ ಎಲ್ಲಿಂದ ಬಂತು? ಒಂದು ಕ್ಯಾಮ್‌ಶಾಫ್ಟ್ ಇದ್ದ ಕಡೆ ಎರಡು ಬಂತು, ಎಂಜಿನ್ ಮೇಲಿನ ವೇಗದಲ್ಲೂ ಸರಿಯಾಗಿ ಉಸಿರಾಡ್ತು. ಸೂತ್ರ ಹಾಕಿ ನೋಡಿ. ಹಳೇ ಗಾಡಿಯಲ್ಲಿ 8,000ಕ್ಕೆ ಉಳಿದಿದ್ದ ಟಾರ್ಕ್ ಸುಮಾರು 30.7. ಹೊಸದರಲ್ಲಿ 8,650ಕ್ಕೂ 32.5 ಇದೆ. ಕಂಪನಿಯೇ ಸಿಲಿಂಡರ್ ಹೆಡ್ ಬದಲಾಯಿಸಿ ತೆಗೆದದ್ದು 5 ಪಿಎಸ್. ಈಗ ಬರೀ ಸೈಲೆನ್ಸರ್ ಬದಲಾಯಿಸಿ 6 ಪಿಎಸ್ ಕೊಡ್ತೀನಿ ಅಂದ್ರೆ ನಂಬ್ಬೇಕಾ? ನನಗಂತೂ ನಂಬಿಕೆ ಇಲ್ಲ.

ಬರೀ ಸೈಲೆನ್ಸರ್ ಹಾಕಿದ್ರೆ ಬರೋದು ಬಹುಪಾಲು ಸದ್ದು. ಕಿವಿಗೆ ಜೋರು ಕೇಳಿದ್ದನ್ನ ಮನಸ್ಸು ವೇಗ ಅಂದ್ಕೊಳ್ಳುತ್ತೆ, ಅಷ್ಟೆ. ಆದ್ರೆ ಒಳಗಡೆ ಇನ್ನೊಂದು ನಡೀತಿರುತ್ತೆ. ಎಂಜಿನ್‌ಗೆ ಗಾಳಿ ಜಾಸ್ತಿ ಹೋದ್ರೆ ಪೆಟ್ರೋಲೂ ಜಾಸ್ತಿ ಹೋಗ್ಬೇಕು. ಆರಾಮಾಗಿ ಒಂದೇ ವೇಗದಲ್ಲಿ ಹೋಗ್ವಾಗ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು ಅದನ್ನ ಸರಿಮಾಡುತ್ತೆ. ಪೂರ್ತಿ ಥ್ರಾಟಲ್ ತಿರುವಿದಾಗ ಮಾತ್ರ ಇಸಿಯು ಸೆನ್ಸರ್ ಮಾತು ಕೇಳಲ್ಲ, ಕಂಪನಿ ಬರೆದಿಟ್ಟ ಮ್ಯಾಪ್ ಪ್ರಕಾರ ಹೋಗುತ್ತೆ. ಆ ಮ್ಯಾಪ್‌ಗೆ ನಿಮ್ಮ ಹೊಸ ಸೈಲೆನ್ಸರ್ ಬಗ್ಗೆ ಗೊತ್ತಿಲ್ವಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಆಗುತ್ತೆ, ಬಿಸಿ ಏರುತ್ತೆ, ನಾಕಿಂಗ್ ಶುರುವಾಗುತ್ತೆ. ಕಾತ್ರಜ್‌ವರೆಗೆ ಹೋಗಿ ಬಂದ್ರೆ ಏನೂ ಗೊತ್ತಾಗಲ್ಲ. ಏಪ್ರಿಲ್ ಬಿಸಿಲಲ್ಲಿ, ಹಿಂದೆ ಹೆಂಡತಿ, ಎರಡೂ ಕಡೆ ಬ್ಯಾಗು, ಖಂಬಾಟ್ಕಿ ಘಾಟ್ ಏರ್ತಿರ್ವಾಗ ಗೊತ್ತಾಗುತ್ತೆ.

ಟ್ಯೂನಿಂಗ್ ಬಾಕ್ಸ್ ಇರೋದು ಇದಕ್ಕೇ. ಪವರ್‌ಟ್ರಾನಿಕ್ ಅಂತ ಕೇಳಿರ್ತೀರಿ, ನಮ್ಮ ಬೆಂಗಳೂರಿನವರೇ ಮಾಡೋದು. ಅದು ಇಸಿಯುಗೂ ಎಂಜಿನ್‌ಗೂ ಮಧ್ಯೆ ಕೂತು ಪೆಟ್ರೋಲ್ ಪ್ರಮಾಣ, ಕಿಡಿ ಹಾರೋ ಸಮಯ ಎರಡನ್ನೂ ತಿದ್ದುತ್ತೆ. ಮೂರರಲ್ಲಿ ನಿಜವಾಗಿ ಕೆಲಸ ಮಾಡೋದು ಇದೇ. ಆದ್ರೂ ರೆಡಿ ಮ್ಯಾಪ್ ಬೇರೆ, ನಿಮ್ಮದೇ ಗಾಡಿಯನ್ನ ಡೈನೋ ಮೇಲಿಟ್ಟು ಬರೆದ ಮ್ಯಾಪ್ ಬೇರೆ.

ಸರಿ, 4 ಪಿಎಸ್ ಸಿಕ್ಕೇ ಬಿಡ್ತು ಅಂತಿಟ್ಕೊಳ್ಳಿ, ಶೇ. 10. ಟಾಪ್ ಸ್ಪೀಡ್ ಎಷ್ಟು ಏರುತ್ತೆ? ಸುಮಾರು ಶೇ. 3. ಯಾಕಂದ್ರೆ ಗಾಳಿಯನ್ನ ಸೀಳೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 150 ಹೋಗ್ತಿದ್ದದ್ದು 155 ಹೋಗಬಹುದು. ಹೈವೇಯಲ್ಲಿ ಬೈಕಿಗೆ ಇರೋ ಮಿತಿಯೇ 80 ಅನ್ನೋದು ಬೇರೆ ಮಾತು!

ನಿಮಗೆ ನಿಜವಾಗಿ ಬೇಕಿರೋದು ಸಾತಾರಾ ದಾಟಿದ ಮೇಲೆ ಕಬ್ಬಿನ ಲಾರಿಯನ್ನ ಓವರ್‌ಟೇಕ್ ಮಾಡೋ ಎಳೆತ ಅಲ್ವಾ? ಅದು ಒಂದು ಗೇರ್ ಇಳಿಸಿದ್ರೆ ಪುಕ್ಕಟೆ ಸಿಗುತ್ತೆ. ಟಾಪ್ ಗೇರಲ್ಲೇ ಸ್ವಲ್ಪ ಜಾಸ್ತಿ ಬೇಕು ಅಂದ್ರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಮ್ಮಿ ಮಾಡಿಸಿ. 15 ಇದ್ದದ್ದು 14 ಆದ್ರೆ ಹಿಂದಿನ ಚಕ್ರಕ್ಕೆ ಸುಮಾರು ಶೇ. 7 ಹೆಚ್ಚು ಬಲ. ಪವರ್ ಏನೂ ಏರಲ್ಲ. ಅದೇ 100ರ ವೇಗಕ್ಕೆ ಎಂಜಿನ್ ಶೇ. 7 ಜಾಸ್ತಿ ತಿರುಗುತ್ತೆ, ಮೈಲೇಜ್ ಸ್ವಲ್ಪ ಇಳಿಯುತ್ತೆ, ಹ್ಯಾಂಡಲ್ ನಡುಕವೂ ಸ್ವಲ್ಪ ಜಾಸ್ತಿ. ಒಬ್ಬರೇ ಹೋಗ್ವಾಗ ಖಾಲಿ ಬಾಕ್ಸ್ ಬಿಚ್ಚಿಡಿ. ಗಾಡಿಯೇ 193 ಕೆಜಿ ಇದೆ, ಅದರ ಮೇಲೆ ಗಾಳಿಗೆ ಅಡ್ಡ ನಿಲ್ಲೋ ಡಬ್ಬ ಯಾಕೆ? ಇನ್ನು 100 ಆಕ್ಟೇನ್ ಪೆಟ್ರೋಲ್ ಬಗ್ಗೆ ಕೇಳೋರು ತುಂಬಾ ಜನ. ಎಂಜಿನ್ ಅದಕ್ಕೆ ಟ್ಯೂನ್ ಆಗಿರದಿದ್ರೆ ಪವರ್ ಬರಲ್ಲ, ಜೇಬು ಮಾತ್ರ ಖಾಲಿ.

ಕಾನೂನು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ಕಂಪನಿ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸದ್ದು, ಹೊಗೆಗೆ ಸೆಕ್ಷನ್ 190 ಬೇರೆ, 10,000 ರೂಪಾಯಿವರೆಗೆ. ಅದಕ್ಕಿಂತ ನನಗೆ ಭಯ ಇನ್ಶೂರೆನ್ಸ್‌ದು. ಆಕ್ಸಿಡೆಂಟ್ ಆದ್ಮೇಲೆ ಸರ್ವೇಯರ್ ಬಂದು ಟ್ಯೂನಿಂಗ್ ಬಾಕ್ಸ್ ನೋಡಿದ್ರೆ, ಕ್ಲೈಮ್ ತಿರಸ್ಕರಿಸೋಕೆ ನೀವೇ ಕಾರಣ ಕೊಟ್ಟ ಹಾಗೆ. ಹೊರರಾಜ್ಯದಲ್ಲಿ ಬೇರೆ ಇರ್ತೀವಿ, ಓಡಾಡೋರು ಯಾರು?

ಆದ್ದರಿಂದ ಹಿಂಜೆವಾಡಿಯ ಗೆಳೆಯರಿಗೆ ನನ್ನ ಉತ್ತರ: ಊರಿಗೆ ಹೋಗೋ ಗಾಡಿಗೆ ಬೇಡ. ಆ ದುಡ್ಡಲ್ಲಿ ಒಳ್ಳೆ ಟಯರ್, ಬ್ರೇಕ್ ಪ್ಯಾಡ್, ರೈಡಿಂಗ್ ಜಾಕೆಟ್ ಬಂದು ಇನ್ನೂ ಉಳಿಯುತ್ತೆ. ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ನಲ್ಲಿ ಓಡಿಸೋಕೆ ಅಂತಲೇ ಗಾಡಿ ಇಟ್ಕೊಂಡಿದ್ರೆ ಮಾತು ಬೇರೆ. ಆಗ ಕೆಲಸ ಶುರು ಮಾಡೋ ಮೊದಲು ಒಂದ್ಸಲ, ಮುಗಿದ ಮೇಲೆ ಒಂದ್ಸಲ, ಅದೇ ಡೈನೋ ಮೇಲೆ, ಅದೇ ದಿನ ಅಳತೆ ತೆಗೆಸಿ. ಡೈನೋ ಅಳೆಯೋದು ಹಿಂದಿನ ಚಕ್ರದ ಪವರ್, ಹಾಗಾಗಿ ಮೊದಲ ಸಲವೇ 40ಕ್ಕಿಂತ ಕಮ್ಮಿ ತೋರಿಸುತ್ತೆ, ಗಾಬರಿ ಬೇಡ. ಎರಡು ಅಳತೆಗಳ ವ್ಯತ್ಯಾಸ ನೋಡಿ ದುಡ್ಡು ಕೊಡಿ. ಹಳೇ ಸೈಲೆನ್ಸರ್ ಮಾತ್ರ ಗ್ಯಾರೇಜಲ್ಲಿ ಬಿಟ್ಟು ಬರಬೇಡಿ, ಗೋಣಿಚೀಲದಲ್ಲಿ ಸುತ್ತಿ ಮನೇಲಿ ಇಟ್ಕೊಳ್ಳಿ.