ಅಗಲ ತಿದ್ದಿದಿರಿ, ವಿಸ್ತೀರ್ಣ?

30 ಅಡಿ ಅಗಲ, 40 ಅಡಿ ಉದ್ದದ ಸೈಟು ಎಂದರೆ ಖಾತೆಯಲ್ಲಿ 1200 ಚದರಡಿ ಎಂದಿರುತ್ತದೆ. ಯಾರಾದರೂ ಅಳತೆಯನ್ನು 40, 60 ಎಂದು ತಿದ್ದಿ ಪಕ್ಕದ 1200 ಅನ್ನು ಹಾಗೇ ಬಿಟ್ಟರೆ ತಪ್ಪು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಇದೇ ತಪ್ಪು ಟ್ರಾನ್ಸಿಸ್ಟರಿನಲ್ಲಿ ನಡೆದರೆ ಬಹಳ ಕಾಲ ಯಾರಿಗೂ ಕಾಣದೆ ಉಳಿಯಬಹುದು. ಹೊರಗಿನಿಂದ ನೆಟ್‌ಲಿಸ್ಟ್ ತಂದು ಕೆಲಸ ಮುಂದುವರಿಸುವವರು ಮೊದಲು ಅರಿಯಬೇಕಾದದ್ದು ಇದನ್ನೇ.

ಸರ್ಕ್ಯೂಟನ್ನು ಚಿತ್ರವಿಲ್ಲದೆ ಬರೀ ಅಕ್ಷರಗಳಲ್ಲಿ ಬರೆದಿಟ್ಟ ಪಟ್ಟಿಯೇ ನೆಟ್‌ಲಿಸ್ಟ್. ಒಂದೊಂದು ಬಿಡಿಭಾಗಕ್ಕೆ ಒಂದೊಂದು ಸಾಲು: ಹೆಸರು, ಯಾವ ಕಾಲು ಯಾವ ತಂತಿಗೆ, ಯಾವ ಮಾಡೆಲ್, ಎಷ್ಟು ಅಳತೆ. 1973ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಾರೆನ್ಸ್ ನೇಗಲ್ ಮತ್ತು ಅವರ ಗುರು ಡೊನಾಲ್ಡ್ ಪೆಡರ್ಸನ್ ಲೋಕಕ್ಕೆ ಕೊಟ್ಟ ‘ಸ್ಪೈಸ್’ ಎಂಬ ಸಿಮ್ಯುಲೇಷನ್ ತಂತ್ರಾಂಶ ಈ ಬರವಣಿಗೆಯನ್ನು ಎಲ್ಲೆಡೆ ಹರಡಿತು. ಆಗ ಒಂದು ಸಾಲು ಎಂದರೆ ತೂತು ಕೊರೆದ ಒಂದು ಕಾರ್ಡು.

ಮಾಸ್ ಟ್ರಾನ್ಸಿಸ್ಟರಿನ ಸಾಲಿನಲ್ಲಿ ಅಗಲ (ಡಬ್ಲ್ಯು) ಮತ್ತು ಉದ್ದ (ಎಲ್) ವಿನ್ಯಾಸಕರು ಆರಿಸುವ ಅಂಕಿಗಳು. ಅವುಗಳ ಹಿಂದೆಯೇ, ವಿದ್ಯುತ್ತು ಹರಿಯುವ ಎರಡು ತುದಿಗಳಲ್ಲಿ ಒಂದಾದ ಡ್ರೇನಿನ ವಿಸ್ತೀರ್ಣ ‘ಎಡಿ’, ಸುತ್ತಳತೆ ‘ಪಿಡಿ’, ಇನ್ನೊಂದಾದ ಸೋರ್ಸಿನ ‘ಎಎಸ್’, ‘ಪಿಎಸ್’ ಬರುತ್ತವೆ. ಇವನ್ನು ಯಾರೂ ಆರಿಸುವುದಿಲ್ಲ. ಅಗಲದಿಂದ ಲೆಕ್ಕ ಹಾಕಿ ಪಡೆಯುತ್ತಾರೆ. ಹಾಗೆಂದು ಇವು ಕಿರಿಯ ಅಂಕಿಗಳಲ್ಲ. ಡ್ರೇನಿಗೂ ಕೆಳಗಿನ ಸಿಲಿಕಾನಿಗೂ ನಡುವೆ ಒಂದು ಡಯೋಡು ತಾನಾಗಿ ಏರ್ಪಟ್ಟಿರುತ್ತದೆ; ಅದು ಹಿಡಿದಿಡುವ ವಿದ್ಯುದಂಶ ಈ ವಿಸ್ತೀರ್ಣವನ್ನೂ ಸುತ್ತಳತೆಯನ್ನೂ ಅವಲಂಬಿಸಿದೆ. ಸರ್ಕ್ಯೂಟು ಸ್ಥಿತಿ ಬದಲಿಸಿದಾಗಲೆಲ್ಲ ತುಂಬಿ ಬರಿದಾಗಬೇಕಾದ ಕೊಡ ಅದು. ಕೊಡ ದೊಡ್ಡದಾದಷ್ಟೂ ಸರ್ಕ್ಯೂಟು ನಿಧಾನ.

2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಎಲ್ಲರಿಗೂ ತೆರೆದಿಟ್ಟ ಸ್ಕೈ130 ತಂತ್ರಜ್ಞಾನವನ್ನೇ ನೋಡೋಣ. ಎಕ್ಸ್‌ಸ್ಕೀಮ್‌ ತಂತ್ರಾಂಶದಲ್ಲಿ ಬಳಸುವ ಅದರ ಚಿಹ್ನೆಗಳು ಒಂದೇ ಫಿಂಗರಿನ (ಅಂದರೆ ಗೇಟು ಒಂದೇ ಪಟ್ಟಿಯಾಗಿರುವ) ಟ್ರಾನ್ಸಿಸ್ಟರಿಗೆ ಅಗಲವನ್ನು 0.29 ಮೈಕ್ರಾನಿನಿಂದ ಗುಣಿಸಿ ಎಡಿ ಪಡೆಯುತ್ತವೆ. 1 ಮೈಕ್ರಾನ್ ಅಗಲಕ್ಕೆ 0.29 ಚದರ ಮೈಕ್ರಾನ್, 4 ಮೈಕ್ರಾನಿಗೆ 1.16. ಅದೇ 4 ಮೈಕ್ರಾನನ್ನು ಎರಡು ಫಿಂಗರಾಗಿ ಮಡಿಸಿದರೆ ಡ್ರೇನು ನಡುವೆ ನಿಂತು ಎರಡಕ್ಕೂ ಒದಗುತ್ತದೆ, ಎಡಿ 0.58ಕ್ಕೆ ಇಳಿಯುತ್ತದೆ. ಒಟ್ಟು ಅಗಲ ಬದಲಾಗದೆಯೇ ವೇಗ ಹೆಚ್ಚಿಸುವ ಈ ಉಪಾಯ ನನಗೆ ಬಲು ಇಷ್ಟ.

ಈಗ ನೆಟ್‌ಲಿಸ್ಟ್ ಒಳತರುವ ಮಾತು. ಕೇಡೆನ್ಸ್‌ನ ವರ್ಚುಯೋಸೊದಂಥ ತಂತ್ರಾಂಶದಲ್ಲಿ ನೀವು ಫಾರ್ಮಿನಲ್ಲಿ ಕೈಯಾರೆ ಅಗಲ ತಿದ್ದಿದಾಗ, ಅದರ ಹಿಂದೆ ‘ಕಾಲ್‌ಬ್ಯಾಕ್’ ಎಂಬ ಪುಟ್ಟ ಪ್ರೋಗ್ರಾಂ ಓಡಿ ಉಳಿದ ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ನೆಟ್‌ಲಿಸ್ಟ್‌ನಿಂದ ಬಂದ ಅಥವಾ ಸ್ಕ್ರಿಪ್ಟ್ ಬರೆದು ಒಟ್ಟಿಗೇ ಬದಲಿಸಿದ ಅಂಕಿಗಳಿಗೆ ಅದು ತಾನಾಗಿ ಓಡುವುದಿಲ್ಲ. ಅಂಕಿಗಳು ಒಳಬರುತ್ತವೆ, ಅವುಗಳ ನಡುವಿನ ನಂಟು ಬರುವುದಿಲ್ಲ. 1 ಮೈಕ್ರಾನನ್ನು ಸ್ಕ್ರಿಪ್ಟಿನಿಂದ 4 ಮಾಡಿದಿರಿ, ಎಡಿ ಮಾತ್ರ 0.29ರಲ್ಲೇ ನಿಂತಿತು ಎನ್ನಿ: ಡ್ರೇನಿನ ವಿಸ್ತೀರ್ಣ ಕಾಲುಭಾಗದಷ್ಟೇ ಇದೆ, ಕೊಡ ಚಿಕ್ಕದು ಎಂದು ಸಿಮ್ಯುಲೇಷನ್ ನಂಬುತ್ತದೆ, ಸರ್ಕ್ಯೂಟು ಇಲ್ಲದ ವೇಗವನ್ನು ತೋರಿಸುತ್ತದೆ. ಲೇಔಟನ್ನೂ (ಚಿಪ್ಪಿನ ನಕ್ಷೆ) ಸ್ಕೀಮ್ಯಾಟಿಕ್ಕನ್ನೂ (ಸರ್ಕ್ಯೂಟಿನ ಚಿತ್ರ) ಹೋಲಿಸುವ ಹಂತದಲ್ಲಿ ಸಾಮಾನ್ಯವಾಗಿ ಉದ್ದ, ಅಗಲಗಳನ್ನಷ್ಟೇ ತಾಳೆ ನೋಡುವುದರಿಂದ ಅಲ್ಲಿಯೂ ಸಿಕ್ಕಿಬೀಳದು. ಲೇಔಟಿನಿಂದ ನಿಜವಾದ ವಿಸ್ತೀರ್ಣ ಅಳೆದು ಮತ್ತೆ ಸಿಮ್ಯುಲೇಷನ್ ಮಾಡಿದಾಗ ಸತ್ಯ ಹೊರಬೀಳುತ್ತದೆ. ಆ ಹೊತ್ತಿಗೆ ಲೇಔಟು ಬಿಡಿಸಿ ಮುಗಿದಿರುತ್ತದೆ.

ದೊಡ್ಡ ತಪ್ಪುಗಳ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಸ್ಕೈ130ರಲ್ಲಿ ಅಳತೆಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಬರಿಯ 1, 4 ಎಂದೇ ಬರೆಯುತ್ತಾರೆ. ರೂಢಿಯಂತೆ ಮುಂದೆ ಮೈಕ್ರಾನ್ ಸೂಚಿಸುವ ‘ಯು’ ಸೇರಿಸಿದರೆ ಅಗಲ ಮತ್ತೆ ಹತ್ತು ಲಕ್ಷ ಪಾಲು ಕಿರಿದಾಗುತ್ತದೆ. ಆ ಅಳತೆಗೆ ಮಾಡೆಲೇ ಇಲ್ಲವೆಂದು ತಂತ್ರಾಂಶ ಅಲ್ಲೇ ನಿಂತುಬಿಡುತ್ತದೆ. ಇನ್ನೊಂದು ಗೊಂದಲ ಇಷ್ಟು ಸುಲಭವಾಗಿ ಬಯಲಾಗದು: ಬರೆದ ಅಗಲ ಒಟ್ಟು ಅಗಲವೋ, ಒಂದು ಫಿಂಗರಿನದೋ? ಕಂಪನಿಯಿಂದ ಕಂಪನಿಗೆ ರೂಢಿ ಬೇರೆ. ಮಾಡೆಲಿನ ಕೈಪಿಡಿ ತೆರೆದು ನೋಡದೆ ಊಹಿಸಬಾರದು.

ಪರಿಹಾರಕ್ಕೆ ಎರಡು ದಾರಿ. ಒಳತಂದ ಮೇಲೆ ಪ್ರತಿ ಟ್ರಾನ್ಸಿಸ್ಟರಿಗೂ ಕಾಲ್‌ಬ್ಯಾಕನ್ನು ಸ್ಕ್ರಿಪ್ಟಿನಿಂದ ಓಡಿಸುವುದು ಒಂದು. ಒಳತರುವಾಗಲೇ ಎಡಿ, ಪಿಡಿಗಳನ್ನು ಕೈಬಿಟ್ಟು, ಚಿಹ್ನೆಯಲ್ಲಿರುವ ಸೂತ್ರವೇ ಲೆಕ್ಕ ಹಾಕುವಂತೆ ಮಾಡುವುದು ಇನ್ನೊಂದು. ನಾನು ಎರಡನೆಯದನ್ನು ಮೆಚ್ಚುತ್ತೇನೆ, ಏಕೆಂದರೆ ಹಳೆಯ ಅಂಕಿ ಉಳಿಯಲು ಅಲ್ಲಿ ಜಾಗವೇ ಇಲ್ಲ. ಆದರೆ ಸೂತ್ರ ಇದೆಯೆಂದು ಮೊದಲು ಖಚಿತಪಡಿಸಿಕೊಳ್ಳಿ. ಸ್ಪೈಸ್‌ನ ಹಳೆಯ ರೂಢಿಯಲ್ಲಿ ಎಡಿ ಬರೆಯದಿದ್ದರೆ ಅದು ಸೊನ್ನೆ, ಅಂದರೆ ಕೊಡವೇ ಇಲ್ಲ.

ಯಾವ ದಾರಿ ಹಿಡಿದರೂ ಒಂದು ಒಂಟಿ ಫಿಂಗರಿನ ಟ್ರಾನ್ಸಿಸ್ಟರನ್ನು ಆರಿಸಿ, ಅಗಲವನ್ನು 4ರಿಂದ 5ಕ್ಕೆ ಏರಿಸಿ, ನೆಟ್‌ಲಿಸ್ಟನ್ನು ಮತ್ತೆ ಹೊರತೆಗೆದು ಆ ಸಾಲನ್ನು ಕಣ್ಣಾರೆ ಓದಿ. ಸ್ಕೈ130ರ ಆ ಚಿಹ್ನೆಗಳಲ್ಲಾದರೆ ಎಡಿ 1.45, ಪಿಡಿ 10.58 ಇರಬೇಕು.