ಮಗುವಿನ ಅಳತೆಯ ಸತ್ಯ

ನೇಮಿಚಂದ್ರ ಅವರ ‘ಯಾದ್ ವಶೇಮ್’ ಕಾದಂಬರಿ 2007ರಲ್ಲಿ ಪ್ರಕಟವಾದಾಗ, ಹಿಟ್ಲರನ ಜರ್ಮನಿಯಿಂದ ತಂದೆಯೊಂದಿಗೆ ಪಾರಾಗಿ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯೊಬ್ಬಳು ಕನ್ನಡ ಓದುಗರ ಮನೆಮಗಳಾದಳು. ಆದರೆ ಅದು ದೊಡ್ಡವರ ಕಾದಂಬರಿ. ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ಇಂಥ ಕಥೆ ಕೊಡಬಹುದೇ ಎಂಬ ಪ್ರಶ್ನೆ ಬಂದರೆ, ‘ಈಗಲೇ ಯಾಕೆ’ ಎಂದು ಹಿರಿಯರು ಹಿಂಜರಿಯುವುದು ಸಹಜ. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಇಷ್ಟು ದೊಡ್ಡ ಸಾವನ್ನು ಎಳೆಯ ತಲೆಯ ಮೇಲೆ ಹೇರಬಾರದು, ನಿಜ. ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕಾಗಿಯೂ ಇಲ್ಲ. ಒಳ್ಳೆಯ ಮಕ್ಕಳ ಕಥೆಗಾರರು ಘಟನೆಯನ್ನು ಮಗುವಿನ ಅಳತೆಗೆ ತಂದಿದ್ದಾರೆ, ಸತ್ಯಕ್ಕೆ ಮಾತ್ರ ಕತ್ತರಿ ಹಾಕಿಲ್ಲ.

ಜುಡಿತ್ ಕೆರ್ 1971ರಲ್ಲಿ ಬರೆದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್‍ಯಾಬಿಟ್’ ನೋಡಿ. 1933ರಲ್ಲಿ ಬರ್ಲಿನ್ ಬಿಡುವ ಒಂಬತ್ತು ವರ್ಷದ ಆನಾ ಒಂದೇ ಒಂದು ಆಟಿಕೆ ಒಯ್ಯಬಹುದು; ಅವಳ ಹಳೆಯ ಗುಲಾಬಿ ಮೊಲ ಅಲ್ಲೇ ಉಳಿಯುತ್ತದೆ. ಲೇಖಕಿಯ ಕುಟುಂಬವೇ ಹಾಗೆ ಊರು ಬಿಟ್ಟಿತ್ತು. ಕಥೆಯಲ್ಲಿ ಯಾತನಾ ಶಿಬಿರವಿಲ್ಲ. ಬರ್ಲಿನ್‌ನಲ್ಲೇ ಉಳಿದ ಜೂಲಿಯಸ್ ಮಾಮಾ ಮೊದಲು ಕೆಲಸ ಕಳೆದುಕೊಳ್ಳುತ್ತಾನೆ, ಆಮೇಲೆ ಪ್ರಾಣಿ ಸಂಗ್ರಹಾಲಯಕ್ಕೆ ಹೋಗುವ ಪಾಸನ್ನೂ ಕಳೆದುಕೊಳ್ಳುತ್ತಾನೆ, ಕೊನೆಗೆ ಬದುಕುವ ಆಸೆಯನ್ನೇ. ಹಿಂಸೆ ಒಮ್ಮೆಲೇ ಬಂದೂಕು ಹಿಡಿದು ಬರುವುದಿಲ್ಲ, ಒಂದೊಂದೇ ಬಾಗಿಲು ಮುಚ್ಚುತ್ತ ಬರುತ್ತದೆ ಎಂಬುದನ್ನು ಆ ಪಾಸ್ ಮಗುವಿಗೆ ತಿಳಿಸುತ್ತದೆ. 1931ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಬರ್ಗನ್-ಬೆಲ್ಸನ್ ಶಿಬಿರ ಕಂಡ ಊರಿ ಓರ್ಲೆವ್ ಇನ್ನೂ ಹತ್ತಿರದಿಂದ ಬರೆದರು. ಅವರ ಹೀಬ್ರೂ ಕಾದಂಬರಿಯ ಬಾಲಕ ಅಲೆಕ್ಸ್, ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ ಪಾಳು ಕಟ್ಟಡದಲ್ಲಿ ಒಂದು ಬಿಳಿ ಇಲಿಯನ್ನು ಜೊತೆಗಿಟ್ಟುಕೊಂಡು ಅಪ್ಪನಿಗಾಗಿ ಕಾಯುತ್ತಾನೆ. ಹಸಿವು, ಅಡಗುದಾಣ, ಅದಕ್ಕೆ ಹತ್ತುವ ಏಣಿ: ಓದುವ ಮಗು ಇವುಗಳ ಮೂಲಕವೇ ಭಯದ ಪ್ರಮಾಣವನ್ನು ಅಂದಾಜು ಮಾಡುತ್ತದೆ.

ಕಥೆ ತಾನೇ, ಅಷ್ಟು ಇತಿಹಾಸ ಯಾಕೆ ಎನ್ನುವವರಿದ್ದಾರೆ. ಜಾನ್ ಬಾಯ್ನ್ 2006ರಲ್ಲಿ ಬರೆದ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ಲಕ್ಷಾಂತರ ಓದುಗರ ಕಣ್ಣು ಒದ್ದೆ ಮಾಡಿದೆ. ಅದರಲ್ಲಿ ಶಿಬಿರಾಧಿಕಾರಿಯ ಮಗ ಬ್ರೂನೊ ತಂತಿ ಬೇಲಿಯ ಆಚೆಯ ಯಹೂದಿ ಹುಡುಗನ ಗೆಳೆಯನಾಗುತ್ತಾನೆ. ವಾಸ್ತವದಲ್ಲಿ ನಾಜಿಗಳ ಶಿಬಿರವಾದ ಆಶ್ವಿಟ್ಸ್‌ಗೆ ಬಂದಿಳಿದ ಹೆಚ್ಚಿನ ಯಹೂದಿ ಮಕ್ಕಳನ್ನು ಅಂದೇ ವಿಷಾನಿಲದ ಕೋಣೆಗೆ ಕಳಿಸುತ್ತಿದ್ದರು. ಬೇಲಿ ಪಕ್ಕ ಕೂತು ಹರಟುವ ಅವಕಾಶ ಅಲ್ಲಿರಲಿಲ್ಲ. ಆಶ್ವಿಟ್ಸ್ ಸ್ಮಾರಕ ಸಂಸ್ಥೆಯೇ 2020ರಲ್ಲಿ, ಈ ಇತಿಹಾಸ ಕಲಿಯುವವರು, ಕಲಿಸುವವರು ಆ ಪುಸ್ತಕದಿಂದ ದೂರವಿರುವುದು ಒಳ್ಳೆಯದು ಎಂದಿತು. ಅದೊಂದು ನೀತಿಕಥೆ ಎಂದು ಸಮರ್ಥಿಸಬಹುದು. ಆದರೆ ಓದುಗನ ಕಣ್ಣೀರು ಕಡೆಗೆ ಯಾರ ಪಾಲಾಗುತ್ತದೆ? ಕೊಂದವನ ಮನೆಯ ದುಃಖ ಮುಂದೆ ಬಂದು, ಸತ್ತ ಯಹೂದಿ ಮಗು ಹಿನ್ನೆಲೆಗೆ ಸರಿಯುತ್ತದೆ.

ಮಕ್ಕಳು ಸಾವಿನ ಮಾತು ತಾಳಲಾರರು ಎಂಬ ಇನ್ನೊಂದು ಆಕ್ಷೇಪಕ್ಕೆ ಯಾನುಷ್ ಕೋರ್ಚಾಕ್ ಅವರೇ ಉತ್ತರ. ವೈದ್ಯರೂ ಮಕ್ಕಳ ಲೇಖಕರೂ ಆಗಿದ್ದ ಅವರ ಅನಾಥಾಲಯವನ್ನು ವಾರ್ಸಾದ ಯಹೂದಿ ಕೇರಿಯೊಳಗೆ ತಳ್ಳಲಾಗಿತ್ತು. 1942ರ ಜುಲೈ 18ರಂದು ಅಲ್ಲಿನ ಮಕ್ಕಳು ಆಡಿದ್ದು ರವೀಂದ್ರನಾಥ ಟ್ಯಾಗೋರರ ‘ಡಾಕ್‌ಘರ್’. ಕಾಯಿಲೆಯ ಹುಡುಗ ಅಮಲ ಕಿಟಕಿಯ ಬಳಿ ಕೂತು ರಾಜನ ಪತ್ರಕ್ಕೆ ಕಾಯುವ ನಾಟಕ ಅದು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನೂ ಅವರನ್ನು ಬಿಟ್ಟಿರಲೊಪ್ಪದ ಕೋರ್ಚಾಕ್‌ರನ್ನೂ ಟ್ರೆಬ್ಲಿಂಕಾ ಶಿಬಿರಕ್ಕೆ ಒಯ್ದು ಕೊಂದರು. ಮಕ್ಕಳನ್ನು ಅಷ್ಟು ಬಲ್ಲ ಮನುಷ್ಯ ಅಂಥ ಹೊತ್ತಿನಲ್ಲಿ ಅವರನ್ನು ನಗಿಸುವ ಪ್ರಹಸನ ಬಿಟ್ಟು, ಸಾವನ್ನು ಮೆಲ್ಲಗೆ ಮುಟ್ಟುವ ನಾಟಕ ಆರಿಸಿದರು.

ಉಳಿದದ್ದು ‘ಅದು ಎಲ್ಲೋ ಯುರೋಪಿನ ಮಾತು, ನಮಗೇಕೆ’ ಎಂಬ ಪ್ರಶ್ನೆ. ಗಡಿಭಾಗದಲ್ಲಿ ನಿಂತು ಇದನ್ನು ಕೇಳುವುದು ಕಷ್ಟ. ಉಗಾರ ಖುರ್ದದಲ್ಲಿ ರೈಲು ಹತ್ತಿ, ಮಿರಜದಲ್ಲಿ ಕೊಲ್ಹಾಪುರದ ಗಾಡಿ ಹಿಡಿದರೆ ದಾರಿಯಲ್ಲೇ ವಳಿವಡೆ. 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು, ಅದರಲ್ಲೂ ಹೆಂಗಸರು ಮಕ್ಕಳೇ ಹೆಚ್ಚಾಗಿ, ಅಲ್ಲಿ ಬಾಳಿದರು. ಶಾಲೆ, ಚರ್ಚು, ನಾಟಕ, ಸ್ಕೌಟ್ ಎಲ್ಲವೂ ಆ ಶಿಬಿರದಲ್ಲಿತ್ತು. ಅವರು ಹೋದಮೇಲೆ ದೇಶವಿಭಜನೆಯ ಸಿಂಧಿ ನಿರಾಶ್ರಿತರು ಆ ಜಾಗದಲ್ಲಿ ನೆಲೆ ಕಂಡರು. ನಿಪ್ಪಾಣಿ, ಚಿಕ್ಕೋಡಿಯ ಕಡೆಯವರು ಬಲ್ಲ ಸಗಟು ಬಟ್ಟೆ ಪೇಟೆ ಗಾಂಧಿನಗರ ಅದೇ. ಎರಡು ವಲಸೆಗಳನ್ನು ಹೊತ್ತ ಈ ನೆಲ ಮಕ್ಕಳ ಕಾದಂಬರಿಗೆ ಹೇಳಿ ಮಾಡಿಸಿದ ವಸ್ತು. ಅದನ್ನು ಬರೆಯುವವರಿಗೂ ಮೇಲಿನ ನಿಯಮವೇ ಅನ್ವಯಿಸುತ್ತದೆ. ವಳಿವಡೆಯ ಪೋಲಿಷರಲ್ಲಿ ಬಹುತೇಕರು ಕ್ಯಾಥೊಲಿಕರು. ಅವರನ್ನು ಮನೆಯಿಂದ ಕಿತ್ತು ಸೈಬೀರಿಯಾ ಕಡೆಗೆ ಸಾಗಿಸಿದ್ದು ಸ್ಟಾಲಿನ್‌ನ ಆಡಳಿತ. ಕಥೆ ಕಳೆಗಟ್ಟಲೆಂದು ಅವರನ್ನು ಯಹೂದಿಗಳನ್ನಾಗಿಸಿದರೆ, ಹಿಟ್ಲರನ ಕೈಗೆ ಸಿಕ್ಕ ಮಗುವಿಗೂ ಸೈಬೀರಿಯಾದಿಂದ ಉಳಿದು ಬಂದ ಮಗುವಿಗೂ ಅನ್ಯಾಯ. ಒಬ್ಬರ ನೋವಿಗೆ ಇನ್ನೊಬ್ಬರ ಹೆಸರು ಅಂಟಿಸದೆ, ಎರಡನ್ನೂ ಅದರದರ ಕಾರಣದೊಂದಿಗೆ ಹೇಳುವ ಪುಸ್ತಕ ಓದಿದ ಮಗುವಿಗೆ ಅನುಕಂಪದ ಜೊತೆ ವಿವೇಚನೆಯೂ ಬರುತ್ತದೆ. ತನ್ನ ತರಗತಿಯಲ್ಲಿ ಯಾರನ್ನಾದರೂ ಜಾತಿ, ಭಾಷೆ, ಧರ್ಮದ ನೆಪದಲ್ಲಿ ದೂರ ಕೂರಿಸಿದಾಗ, ‘ಇದು ಎಲ್ಲಿಗೆ ಹೋಗಿ ಮುಟ್ಟೀತು’ ಎಂದು ಕೇಳುವಷ್ಟು ತಿಳಿವಳಿಕೆ ಆ ವಯಸ್ಸಿಗೆ ಹೆಚ್ಚೇನಲ್ಲ.